ಹಿಪ್ಪರಗಿ ಹೊಳಿದಂಡ್ಯಾಗ ಚಾಕು ಪರೀಕ್ಷಾ

ಗೆಳೆಯರ, ಆನ್‌ಲೈನ್‌ನ್ಯಾಗ ತರಿಸಿದ ಅಗ್ಗದ ಚಾಕು ಹೆಂಗೈತಿ ನೋಡೂಣಂತ ಇವತ್ತ ದೋಸ್ತ ಬಸ್ಯಾನ್ನ ಕರಕೊಂಡು ಹಿಪ್ಪರಗಿ ಹೊಳಿದಂಡಿಗೆ ಹೋಗಿದ್ದೆ. ಮಡಚೂ ಚಾಕು ಅಲ್ಲ, ಅಲಗು ಹಿಡಿಕಿಗೆ ಗಟ್ಟಿ ಕುಂತದ್ದು. ಕಬ್ಬು ಸೀಳ್ತು, ಹಗ್ಗಾನೂ ಕೊಯ್ತು.

ಅಷ್ಟರಾಗ ದಂಡಿಮ್ಯಾಲೆ ಒಂದು ನಾಯಿ ಮೀನಿನ ಬಲಿಯೊಳಗ ಸಿಕ್ಕೊಂಡು ಒದ್ದಾಡಾಕತ್ತಿದ್ದು ಕಾಣಿಸ್ತು. ಕುತ್ತಿಗಿಗೆ ದಾರ ಬಿಗದು ನಾಲಿಗಿ ಹೊರಗ ಬಂದಿತ್ತು. ನಾಯಿ ಒದ್ದಾಡಿದ್ರೂ ಚಾಕು ಜಾರಲಿಲ್ಲ. ಬಲಿ ಕೊಯ್ದೆ, ನಾಯಿ ಓಡಿಹೋತು.

ಬಲಿ ಮಾಲಕ ಓಡಿಬಂದ. "ನನ್ನ ಬಲಿ ಯಾರ್ರೀ ಕೊಯ್ದವ್ರು?"

ಬಸ್ಯಾ ನನ್ನ ಕಡೆ ಬಟ್ಟು ಮಾಡಿದ. "ಇವ್ರ ರೀ. ಹೊಸಾ ಚಾಕು ಪರೀಕ್ಷಾ ಮಾಡಾಕತ್ತಾರ."

ನಾಯಿ ಸಿಕ್ಕೊಂಡಿತ್ತು ಅಂದ್ರ ತೋರಿಸಾಕ ನಾಯೀನ ಇಲ್ಲ! ಮಧ್ಯಾಹ್ನದ ತನಕ ಬಿಸಲಾಗ ಆ ಮಾಲಕನ ಜೋಡಿ ಕುಂತು ಬಲಿ ಹೆಣದು ಬಂದೆ.

ಚಾಕು ಪಾಸಾತು. ಬಸ್ಯಾ ಫೇಲ್.