ಒಣಹುಲ್ಲಿನ ಬಣ್ಣ

ನನ್ನ ಭಾವ ಚಾಕು ಮಾಡುವವರು. ಅಂಗಡಿಯಲ್ಲಿ ಡಜನ್ ಲೆಕ್ಕದಲ್ಲಿ ಸಿಗುವ ಚಾಕುವಲ್ಲ, ಅಡುಗೆಯನ್ನೇ ಕಸುಬು ಮಾಡಿಕೊಂಡವರು ಹೇಳಿ ಮಾಡಿಸಿಕೊಳ್ಳುವ ಚಾಕು. ಹೇಳಿದ ಕೂಡಲೇ ಮಾಡಿಕೊಡುವ ಪೈಕಿಯೂ ಅಲ್ಲ. ಬಂದವರನ್ನು ಕಿಟಕಿ ಪಕ್ಕದ ಮೇಜಿನ ಮುಂದೆ ನಿಲ್ಲಿಸಿ, ನಾಲ್ಕು ಈರುಳ್ಳಿ, ಎರಡು ಕ್ಯಾರೆಟ್, ಒಂದು ಹೋಳು ಕುಂಬಳಕಾಯಿ ಕೊಟ್ಟು ಹೆಚ್ಚಲು ಹೇಳುತ್ತಾರೆ. ತಾವು ಎದುರಿಗೆ ಕುರ್ಚಿ ಹಾಕಿಕೊಂಡು ಅವರ ಮಣಿಕಟ್ಟನ್ನೇ ನೋಡುತ್ತಾರೆ. ಮಾತಿಲ್ಲ, ಕತೆಯಿಲ್ಲ. ಇಪ್ಪತ್ತು ವರ್ಷ ಅಡುಗೆ ಮಾಡಿದ ಗಟ್ಟಿ ಗಂಡಸರು ಆ ಮೇಜಿನ ಮುಂದೆ ಬೆರಳು ಕುಯ್ದುಕೊಂಡದ್ದನ್ನು ನಾನೇ ಕಂಡಿದ್ದೇನೆ. ಹೆಚ್ಚಿದ್ದು ನೇರ ಅಕ್ಕನ ಅಡುಗೆಮನೆಗೆ ಹೋಗುತ್ತದೆ. ಆ ಮನೆಯಲ್ಲಿ ಮೂವತ್ತು ವರ್ಷದಿಂದ ತರಕಾರಿ ಹೆಚ್ಚುತ್ತಿರುವುದು ಗಿರಾಕಿಗಳೇ.

ನಾನು ಬಡಗಿ, ಆ ಅಕ್ಕನ ತಮ್ಮ. ಚಾಕುಗಳಿಗೆ ಹಿಡಿ, ಅವನ್ನು ನಿಲ್ಲಿಸಿಡಲು ಅದೇ ಮರದ ದಿಮ್ಮಿ, ಇವೆರಡು ನನ್ನ ಪಾಲು. ಎರಡೂ ಒಂದೇ ಹಲಗೆಯಿಂದ ಬರಬೇಕು. ಚಾಕು ಒಳಗೆ ಕೂತಾಗ ಮರದ ಗೆರೆ ಹಿಡಿಯಿಂದ ದಿಮ್ಮಿಗೆ ತುಂಡಾಗದೆ ಇಳಿಯಬೇಕು. ಅದಕ್ಕೆ ಹಲಗೆಯನ್ನು ಪದರ ಪದರವಾಗಿ ಸೀಳಿ, ಒಂದೊಂದರಲ್ಲೂ ಅಲಗಿನ ಅಳತೆಗೆ ತೋಡು ಕೊರೆದು, ಮತ್ತೆ ಅಂಟಿಸುತ್ತೇನೆ. ಕೆಲಸ ಚೆನ್ನಾಗಿ ಆದರೆ ಸೀಳಿದ್ದೇ ಯಾರಿಗೂ ತಿಳಿಯುವುದಿಲ್ಲ, ಹಾಗಾಗಿ ಯಾರೂ ಹೊಗಳುವುದಿಲ್ಲ. ಅಕ್ಕನದು ಅಲಗನ್ನು ಉಜ್ಜಿ ಹೊಳಪು ಕೊಡುವ ಕೆಲಸ. ಅದನ್ನೂ ಯಾರೂ ಹೊಗಳುವುದಿಲ್ಲ. ಹೊಗಳಿಕೆಯೆಲ್ಲ ಭಾವನಿಗೆ, ಏಕೆಂದರೆ ಹದ ಅವರದು.

ಹದ ಎಂದರೆ ಇಷ್ಟು. ಕೆಂಪಗೆ ಕಾಸಿ ಎಣ್ಣೆಯಲ್ಲಿ ಅದ್ದಿದ ಅಲಗು ಗಾಜಿನ ಹಾಗೆ, ಬಿದ್ದರೆ ಒಡೆಯುತ್ತದೆ. ಅದನ್ನು ಒಂದಿಷ್ಟು ಉಜ್ಜಿ, ಕಾದ ಕಬ್ಬಿಣದ ತಗಡಿನ ಮೇಲೆ ಇಟ್ಟರೆ ಮೈಮೇಲೆ ಬಣ್ಣ ಏರುತ್ತದೆ. ಮೊದಲು ತೆಳು ಹಳದಿ, ಆಮೇಲೆ ಒಣಹುಲ್ಲು, ಆಮೇಲೆ ಕಂದು, ನೇರಳೆ, ನೀಲಿ. ಒಣಹುಲ್ಲಿನ ಬಣ್ಣಕ್ಕೆ ಸರಿಯಾಗಿ ತೆಗೆಯಬೇಕು. ಬೇಗ ತೆಗೆದರೆ ಅಂಚು ಚಕ್ಕೆ ಏಳುತ್ತದೆ, ತಡ ಮಾಡಿದರೆ ಬೇಗ ಮೊಂಡಾಗುತ್ತದೆ. ಕೊನೆಗೆ ಹೊಳಪು ಕೊಡುವಾಗ ಬಣ್ಣವೆಲ್ಲ ಹೋಗಿ, ಏನು ಮಾಡಿದರೆಂಬ ಗುರುತೂ ಉಳಿಯುವುದಿಲ್ಲ. ಇದಕ್ಕೆ ಈಗ ಯಂತ್ರವಿದೆ. ಅದರ ಮಾತೆತ್ತಿದವರನ್ನು ಭಾವ ಟೀ ಕೊಡದೆ ಕಳಿಸುತ್ತಾರೆ.

ಮೂರು ವರ್ಷದ ಹಿಂದೆ ಅವರು ನನ್ನ ಮರದಲ್ಲಿ ಹುಳುಕು ಹುಡುಕಲು ಶುರುಮಾಡಿದರು. ತಂದದ್ದೆಲ್ಲ ಹಳದಿ. ಹಾಲಿನಂಥ ಹಲಗೆ ತಂದರೂ ಹಳದಿ, ವಾಪಸು ತೆಗೆದುಕೊಂಡು ಹೋಗು. ಹೊಸದಾಗಿ ಬಳಿದ ಗೋಡೆಯೂ ಹಳದಿಯಂತೆ, ಬಣ್ಣ ಬಳಿಯುವವನಿಗೆ ಬೈದು ಎರಡನೇ ಸಲ ಬಳಿಸಿದರು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂದು ನಾನು ಅವರ ಮುಖಕ್ಕೇ ಹೇಳಿ, ಎಂಟು ದಿನ ಆ ಕಡೆ ತಲೆ ಹಾಕಲಿಲ್ಲ. ನನ್ನ ಬಾಯಿಂದ ಬಂದ ಮಾತನ್ನು ನಾನೇ ಕಿವಿಗೊಟ್ಟು ಕೇಳಿದ್ದರೆ ಎಷ್ಟೋ ಒಳ್ಳೆಯದಿತ್ತು.

ಕಳೆದ ವರ್ಷ ಒಬ್ಬ ಅಡುಗೆಯವಳು ಬಂದಳು. ದೊಡ್ಡ ಹೋಟೆಲಿನ ಕೆಲಸ ಬಿಟ್ಟು ಸ್ವಂತದ್ದೊಂದು ತೆರೆಯುವವಳು, ಎಡಚಿ, ಮಾತು ಕಡಿಮೆ. ಭಾವ ಅವಳ ಕೈ ನೋಡಿ, ಏಳು ಚಾಕು ಬೇಕೆಂದು ತಾವೇ ತೀರ್ಮಾನಿಸಿದರು. ಅದೇ ಹೊತ್ತಿಗೆ ನಮ್ಮ ಚಿಕ್ಕ ತಂಗಿ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡಳು. ಅಕ್ಕ ಹನ್ನೊಂದು ದಿನ ಅವಳ ಮನೆಯಲ್ಲಿದ್ದಳು. ಹಾಗಾಗಿ ಏಳಕ್ಕೂ ಭಾವನೇ ಹದ ಕೊಟ್ಟು, ಭಾವನೇ ಉಜ್ಜಿ, ನನ್ನ ದಿಮ್ಮಿಯಲ್ಲಿ ಕೂರಿಸಿ ಕಳಿಸಿದರು.

ಹದಿನೈದು ದಿನಕ್ಕೆ ಅಡುಗೆಯವಳು ದಿಮ್ಮಿಯನ್ನು ಮಗುವಿನಂತೆ ಎತ್ತಿಕೊಂಡು ವಾಪಸು ಬಂದಳು. ಒಂದೊಂದೇ ಚಾಕು ತೆಗೆದು ಮೇಜಿನ ಮೇಲಿಟ್ಟಳು. ಏಳರ ಅಂಚನ್ನೂ ಇಲಿ ಕಡಿದಂತಿತ್ತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಭಾವ ಮೊದಲು ಕುಂಬಳಕಾಯಿಯನ್ನು ಬೈದರು, ಆಮೇಲೆ ಅವಳು ಹೆಚ್ಚುವ ಹಲಗೆ ಕಲ್ಲಿನಂತಿದೆ ಎಂದರು. ಆ ಹಲಗೆ ಮಾಡಿಕೊಟ್ಟವನು ನಾನು. ಅವಳು ಜಗಳವಾಡಲಿಲ್ಲ. ಹೋಟೆಲು ತೆರೆಯಲು ಹನ್ನೆರಡು ದಿನವಿದೆ, ಇನ್ನೊಂದು ಸಲ ನೋಡುತ್ತೇನೆ, ಆಗಲಿಲ್ಲವೆಂದರೆ ಅಂಗಡಿಯದೇ ತರುತ್ತೇನೆ, ಬೇರೆ ಅಡುಗೆಯವರು ಕೇಳಿದರೆ ನಿಜ ಹೇಳುತ್ತೇನೆ ಎಂದು ಹೇಳಿ ಹೋದಳು. ಅವಳನ್ನು ಕೇಳದೆ ಅಡುಗೆಯ ಕಸುಬಿನಲ್ಲಿ ಯಾರೂ ಏನೂ ಕೊಳ್ಳುವುದಿಲ್ಲ.

ನನಗೆ ಪಿತ್ತ ನೆತ್ತಿಗೇರಿತ್ತು. ಬಿಳಿ ಮರದ್ದೊಂದು, ಹಳದಿ ಮರದ್ದೊಂದು ತುಂಡು ತಂದು ಮುಂದಿಟ್ಟು, ಇದರಲ್ಲಿ ಹಳದಿ ಯಾವುದು ಹೇಳಿ ಎಂದೆ. ಭಾವ ಎರಡನ್ನೂ ಕಿಟಕಿಗೆ ಹಿಡಿದರು, ಹತ್ತಿರ ತಂದರು, ದೂರ ಹಿಡಿದರು. ಎರಡೂ ಒಂದೇ ಎಂದರು. ನನ್ನ ಸಿಟ್ಟು ಅಲ್ಲಿಗೇ ಇಳಿದುಹೋಯಿತು.

ಎರಡೂ ಕಣ್ಣಿಗೆ ಪೊರೆ ಎಂದರು ಡಾಕ್ಟರು. ಹಳೆಯ ಪೊರೆ, ಮೂರು ವರ್ಷದ್ದಾದರೂ ಇರಬೇಕು, ಎಲ್ಲವನ್ನೂ ಟೀ ಒಳಗಿಂದ ನೋಡಿದಂತೆ ಕಾಣುತ್ತಿರಬೇಕು. ಅಂದರೆ ಅಲಗಿಗೆ ಒಣಹುಲ್ಲಿನ ಬಣ್ಣ ಬರುವ ಮೊದಲೇ ಬಂದಂತೆ ಕಂಡು, ಭಾವ ಬೇಗ ತೆಗೆದುಬಿಡುತ್ತಿದ್ದರು. ಆಪರೇಷನ್ನಿಗೆ ಮುಂದಿನ ತಿಂಗಳ ದಿನ ಕೊಟ್ಟರು. ಭಾವ ಮನೆಗೆ ಬಂದವರೇ ಎರಡು ವರ್ಷದ ಗಿರಾಕಿಗಳಿಗೆಲ್ಲ ಫೋನು ಮಾಡತೊಡಗಿದರು, ಜನ್ಮದಲ್ಲಿ ತಾವಾಗಿ ಒಬ್ಬರಿಗೂ ಫೋನು ಮಾಡದವರು. ನಿಮ್ಮ ಚಾಕು ಹಾಳಾಗಿರುತ್ತದೆ, ತಂದುಕೊಡಿ ಎಂದು ಕೇಳುವುದು. ಚೆನ್ನಾಗೇ ಇದೆಯಲ್ಲ ಎಂದು ಅವರು ಹೇಳುವುದು. ಒಂಬತ್ತು ಜನ ಮುಲಾಜಿಗೆ ತಂದು ತೋರಿಸಿದರು. ಭಾವ ಅರದಿಂದ ಅಂಚು ತೀಡಿ ನೋಡಿದರು. ಒಂಬತ್ತೂ ಹದವಾಗಿದ್ದವು.

ಇಲ್ಲಿಗೆ ಅವರ ತಲೆ ತಿರುಗಿತು. ಕಣ್ಣು ಕೆಟ್ಟಿದ್ದರೆ ಇವು ಹೇಗೆ ಸರಿಯಾದವು? ಹಾಗಾದರೆ ಡಾಕ್ಟರೇ ಸುಳ್ಳು, ಆ ಏಳರ ಉಕ್ಕೇ ಕಳಪೆ, ಆಪರೇಷನ್ನೂ ಬೇಡ ಏನೂ ಬೇಡ, ನಾಳೆಯಿಂದಲೇ ಹೊಸ ಏಳು ತಟ್ಟಿ ನಾನೇ ಹದ ಕೊಡುತ್ತೇನೆ ಎಂದು ಎದ್ದು ನಿಂತರು. ಅಕ್ಕ ಬಾಗಿಲ ಬಳಿ ಬಟ್ಟೆ ಮಡಿಸುತ್ತಿದ್ದಳು. ಮಡಿಸುವುದನ್ನು ನಿಲ್ಲಿಸಿದಳು.

"ನೀವು ಊಟ ಮಾಡಿ ಮಲಗ್ತಿದ್ರಲ್ಲ, ಆಗ ತಗಡು ಇನ್ನೂ ಬಿಸಿ ಇರ್ತಿತ್ತು," ಎಂದಳು. "ಉಜ್ಜೋಕೆ ಮುಂಚೆ ನಾನು ಇನ್ನೊಂದ್ಸಲ ಇಟ್ಟು ತೆಗೀತಿದ್ದೆ."

"ಯಾವುದನ್ನ?"

"ಎಲ್ಲಾನೂ. ಎರಡೂವರೆ ವರ್ಷದಿಂದ."

ಹಾವೂ ಸಾಯದಂತೆ ಕೋಲೂ ಮುರಿಯದಂತೆ ಅವಳು ಅಷ್ಟು ಕಾಲ ನಡೆಸಿದ್ದಳು. ಹನ್ನೊಂದು ದಿನ ಇರಲಿಲ್ಲ, ಅಷ್ಟೇ. ಹೇಳಬಾರದಿತ್ತೇ ಎಂದು ಭಾವ ಕೇಳಿದ್ದಕ್ಕೆ, ಹೇಳಿದ್ದರೆ ಕೆಲಸ ಬಿಟ್ಟು ದಿನವಿಡೀ ಮನೆಯಲ್ಲಿ ಕೂತು ನನ್ನ ತಲೆ ತಿನ್ನುತ್ತಿದ್ದಿರಿ ಎಂದಳು. ಆಮೇಲೆ ದನಿ ತಗ್ಗಿಸಿ, "ಹೆದರಿಕೆ ಆಯ್ತು. ಆ ತಗಡಿನ ಮುಂದೆ ನಿಂತಾಗ ಮಾತ್ರ ನೀವು ಖುಷಿಯಾಗಿರ್ತೀರಿ," ಎಂದಳು.

ಭಾವ ಹಿಂದಿನ ಶೆಡ್ಡಿಗೆ ಹೋಗಿ ಬಾಗಿಲು ಹಾಕಿಕೊಂಡರು. ಇಲ್ಲಿಗೆ ಇವರ ಕಸುಬು ಮುಗಿಯಿತು ಎಂದುಕೊಂಡೆ. ನನಗೆ ನಿಜವಾಗಿ ಸಂಕಟವಾಯಿತು, ಆ ಮನುಷ್ಯನ ಮೇಲೆ ನನಗೆ ಇಷ್ಟೊಂದು ಪ್ರೀತಿಯಿದೆಯೆಂದು ಅಲ್ಲಿಯತನಕ ತಿಳಿದಿರಲಿಲ್ಲ.

ಆರು ದಿನದಲ್ಲಿ ಅವರು ಏಳು ಹೊಸ ಅಲಗು ತಟ್ಟಿ, ಕಾಸಿ, ಎಣ್ಣೆಯಲ್ಲಿ ಅದ್ದಿದರು. ಏಳನೆಯ ದಿನ ಬೆಳಿಗ್ಗೆ ತಗಡು ಕಾಯಿಸಿ ಅಕ್ಕನನ್ನು ಕರೆದರು. ಮೊದಲ ಅಲಗನ್ನು ಇಕ್ಕಳದಲ್ಲಿ ಹಿಡಿದು ತಗಡಿನ ಮೇಲಿಟ್ಟು, ಮುಖವನ್ನು ಗೋಡೆಗೆ ತಿರುಗಿಸಿದರು. ಕಂಡರೆ ಕೈ ಸುಮ್ಮನಿರುವುದಿಲ್ಲವಂತೆ. ಒಬ್ಬಳೇ ಇದ್ದಾಗ ಹೆದರದ ಅಕ್ಕ ಈಗ ಒಂದು ಹೆಜ್ಜೆ ಹಿಂದೆ ಸರಿದು, ಮತ್ತೆ ಬಗ್ಗಿ ನೋಡಿದಳು. ತೆಳು ಹಳದಿ ಏರಿತು, ಇನ್ನೂ ಏರಿತು. ನನಗೇ ಕೂಗಬೇಕೆನ್ನಿಸಿತು.

"ಸಾಕು," ಎಂದಳು.

ಭಾವ ತೆಗೆದರು. ತಿರುಗಿ ನೋಡದೆ ಪಕ್ಕಕ್ಕಿಟ್ಟು ಇನ್ನೊಂದಕ್ಕೆ ಕೈ ಹಾಕಿದರು. ಆ ಶೆಡ್ಡಿನಲ್ಲಿ ಅವರಿಗೆ ಸಾಕು ಎಂದು ಹೇಳಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ.

ಹಿಡಿ ಕೂರಿಸಿದ ಮೇಲೆ ಅಡುಗೆಯವಳು ಬಂದು ಅರ್ಧ ಗಂಟೆ ಹೆಚ್ಚಿದಳು. ಕುಂಬಳಕಾಯಿಯ ತೊಟ್ಟನ್ನೂ ಬಿಡಲಿಲ್ಲ. ಪ್ರತಿ ಅಂಚನ್ನೂ ಉಗುರಿನ ಮೇಲೆ ಎಳೆದು ನೋಡಿ, ಈ ಸಲ ಏನು ಬದಲಾಯಿಸಿದಿರಿ ಎಂದು ಕೇಳಿದಳು. ಅಕ್ಕ ಹೆಚ್ಚಿದ ತರಕಾರಿ ತುಂಬಿಕೊಳ್ಳಲು ಪಾತ್ರೆ ಹಿಡಿದು ಬಂದಿದ್ದಳು. ಉಕ್ಕು ಬೇರೆ ಎಂದು ಹೇಳಿಬಿಡಿ ಎಂದು ಭಾವನಿಗೆ ಕಣ್ಸನ್ನೆ ಮಾಡಿದಳು. ಅದು ಅವರಿಗೆ ಕಾಣಿಸಲಿಲ್ಲವೋ, ಕಂಡೂ ಬಿಟ್ಟರೋ ಗೊತ್ತಿಲ್ಲ.

"ಹದ ಕೊಡೋರನ್ನ ಬದಲಾಯಿಸ್ದೆ," ಎಂದರು ಭಾವ. "ಇವು ಏಳೂ ನನ್ನ ಹೆಂಡ್ತಿದು. ನೀವು ವಾಪಸ್ ತಂದ್ರಲ್ಲ, ಆ ಏಳು ನಂದು."