ಕಾಲುವೆ ಊರಿಗೆ ಹೊತ್ತ ನೀರು

ಆಗಿನ್ನೂ ನಮ್ಮ ಮಸ್ಕಿಯ ಓಣಿಗೆ ನಲ್ಲಿ ಬಂದಿರಲಿಲ್ಲ. ಕುಡಿಯಲು, ತೊಳೆಯಲು, ದನಕ್ಕೆ, ಮನುಷ್ಯರಿಗೆ, ಎಲ್ಲಕ್ಕೂ ಓಣಿಯ ತುದಿಯ ಬಾವಿಯೇ. ಅದರ ನೀರು ಸವಳು. ಸಬೂನು ತಿಕ್ಕಿ ತಿಕ್ಕಿ ಕೈ ಸೋಲುತ್ತಿತ್ತೇ ಹೊರತು ನೊರೆ ಏಳುತ್ತಿರಲಿಲ್ಲ. ಬೇಳೆ ಬೇಯುವಷ್ಟರಲ್ಲಿ ನಮ್ಮ ಹಸಿವು ಸತ್ತೇ ಹೋಗಿರುತ್ತಿತ್ತು. ಆ ನೀರನ್ನು ಬೈಯದೆ ನಮ್ಮವ್ವನಿಗೆ ಬೆಳಗಾಗುತ್ತಿರಲಿಲ್ಲ. ಅದೇ ನೀರನ್ನು ನಾನೂ ನಮ್ಮಜ್ಜ ಮುತ್ಯಾನೂ ಬಸ್ಸಿನಲ್ಲಿ ಹೇರಿಕೊಂಡು ಕಾಲುವೆ ಊರಿಗೆ ಒಯ್ದೆವು ಎಂದರೆ ಇವತ್ತಿಗೂ ಯಾರೂ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ, ನಾನಂತೂ ಹೇಳುವವಳೇ!

ನಮ್ಮಕ್ಕ ಮಾದೇವಿ ನೂಲಿಗೆ ಬಣ್ಣ ಹಾಕುತ್ತಿದ್ದಳು. ಯಾರೂ ಕಲಿಸಿದ್ದಲ್ಲ, ಅವಳಿಗೇ ಹತ್ತಿದ ಹುಚ್ಚು. ಮುದಗಲ್ಲಿನಿಂದ ಬಿಳಿ ಹತ್ತಿ ನೂಲಿನ ಲಡಿ ತರಿಸಿ, ಹಿತ್ತಲಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡಿ, ಉಳ್ಳಾಗಡ್ಡಿ ಸಿಪ್ಪೆ, ದಾಳಿಂಬೆ ಸಿಪ್ಪೆ, ಅರಿಷಿಣ, ಕೈಗೆ ಸಿಕ್ಕಿದ್ದನ್ನೆಲ್ಲ ಗಡಿಗೆಯಲ್ಲಿ ಕುದಿಸುವಳು. "ಹುಷಾರಾಗಿರ್‍ರೆಪಾ, ನಾಳೆ ನಮ್ಮನ್ನೂ ಕುದಿಸ್ತಾಳ" ಎಂದು ಮುತ್ಯಾ ನಗುತ್ತಿದ್ದ. ಆದರೆ ಅಕ್ಕನ ಹೆಸರು ನಿಂತಿದ್ದು ಕೆಂಪಿನ ಮೇಲೆ. ಗ್ರಂಥಿಗೆ ಅಂಗಡಿಯಲ್ಲಿ ಮಂಜಿಷ್ಠ ಅಂತ ಒಂದು ಬೇರು ಸಿಗುತ್ತದೆ. ಅದನ್ನು ನೆನೆಸಿ, ಪಟಿಕದ ನೀರು ಕುಡಿದ ನೂಲಿನ ಜೊತೆ ಸಣ್ಣ ಉರಿಯಲ್ಲಿ ಕಾಯಿಸಿದರೆ ಬರುವ ಕೆಂಪು, ಅಬ್ಬಬ್ಬ, ಹಣ್ಣಾದ ಮೆಣಸಿನಕಾಯಿಯೂ ನಾಚಬೇಕು. ಕೌದಿ ಹೊಲಿಯುವವರು, ಕ್ರೋಶಾ ಹೆಣೆಯುವವರು ಲಿಂಗಸೂಗೂರಿನಿಂದಲೂ ಹುಡುಕಿಕೊಂಡು ಬರುತ್ತಿದ್ದರು.

ಅಕ್ಕನನ್ನು ತುರ್ವಿಹಾಳಕ್ಕೆ ಕೊಟ್ಟೆವು. ಗಂಡನ ಮನೆಗೆ ಹೋಗುವಾಗ ಅವಳು ಗಡಿಗೆಯನ್ನೂ ಒಯ್ದಳು. ಆ ವರ್ಷದ ಬೇಸಿಗೆ ಸೂಟಿಗೆ ನಾನು ಅಲ್ಲಿಗೆ ಹೋದೆ. ಏನು ನೀರು ಅಂತೀರಿ! ಕಾಲುವೆ ತುಂಬ ನೀರು, ಗದ್ದೆ ತುಂಬ ನೀರು. ಸಬೂನು ಮುಟ್ಟಿದರೆ ಸಾಕು, ಮೊಣಕೈತನಕ ನೊರೆ. ನಾನು ಬಚ್ಚಲು ಹೊಕ್ಕರೆ ಹೊರಗೆ ಬರುತ್ತಲೇ ಇರಲಿಲ್ಲ. ಮೀಸೆ, ಗಡ್ಡ, ಕಿರೀಟ, ಎಲ್ಲ ನೊರೆಯಲ್ಲೇ ಮಾಡಿಕೊಳ್ಳುತ್ತಿದ್ದೆ.

ಆದರೆ ಅಕ್ಕನ ಮುಖ ಬಾಡಿತ್ತು. ಕೆಂಪು ಬರುತ್ತಿರಲಿಲ್ಲ. ಎಷ್ಟು ಸಲ ಹಾಕಿದರೂ ಹಳೆಯ ಇಟ್ಟಂಗಿಯಂಥ ಮಂಕು ಬಣ್ಣ. ಅವಳ ಅತ್ತೆ ನೀಲಮ್ಮ ಕೆಟ್ಟವಳಲ್ಲ, ಆದರೆ ಬಾಯಿ ಜೋರು. ಸೊಸೆಯ ಕೆಂಪಿನ ಸುದ್ದಿಯನ್ನು ಓಣಿಗೆಲ್ಲ ಹೇಳಿಕೊಂಡು ಬಂದಿದ್ದಳು. ತುಂಬು ಬಸುರಿ ಮಗಳ ಕುಬಸದ ಕಾರ್ಯ ಹತ್ತಿರ ಬಂದಿತ್ತು, ಹುಟ್ಟುವ ಕೂಸಿಗೆ ಕೌದಿ ಹೊಲಿಯಲು ಕೆಂಪು ನೂಲು ಬೇಕಿತ್ತು. ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತ ಒಂದು ಮುಂಜಾನೆ ಅಂದೇಬಿಟ್ಟಳು.

"ಮಾದೇವಿ, ಇನ್ನೊಂದು ಸಲ ನೋಡು. ಬರಲಿಲ್ಲಂದ್ರ ಸಿಂಧನೂರಾಗ ಪ್ಯಾಟಿ ದಾರ ತರ್ತೀನಿ. ಆಮ್ಯಾಲ ಈ ಗಡಿಗಿ ಅಟ್ಟಕ್ಕ ಏರ್ಸು. ಮನಿ ತುಂಬ ಹೊಗಿ, ಫಾಯ್ದಾ ಏನೈತಿ ಇದರಾಗ?"

ಹಿತ್ತಲಿಗೆ ಬಂದು ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. "ಒಮ್ಮೆ ಅಟ್ಟಕ್ಕೇರಿದ್ರ ಮತ್ತ ಇಳಿಯಂಗಿಲ್ಲ ಪಾರಿ, ಮುಗೀತು ನನ್ನ ಬಣ್ಣ" ಅಂದಳು. ಬಣ್ಣವಿಲ್ಲದ ನಮ್ಮಕ್ಕನನ್ನು ನಾನು ನೋಡಿಯೇ ಇರಲಿಲ್ಲ.

ಅವತ್ತೇ ಸಂಜೆ ನೊರೆ ಹಚ್ಚಿಕೊಂಡು ಬಚ್ಚಲಿನಿಂದಲೇ ಕೂಗಿದೆ. "ಅಕ್ಕಾ, ನಮ್ಮೂರಾಗ ಹಿಂಗ್ಯಾಕ ನೊರಿ ಬರಂಗಿಲ್ಲ? ಬ್ಯಾಳಿನೂ ಇಲ್ಲಿ ಎಷ್ಟ ಲಗೂನ ಬೇಯ್ತೈತಿ! ಈ ನೀರ ಬ್ಯಾರೆ ಐತೇನ?"

ಒಲೆಯ ಮುಂದಿದ್ದ ಅಕ್ಕ ಕೈಯಲ್ಲಿದ್ದ ಕೋಲು ಬಿಸಾಡಿ ಓಡಿಬಂದಳು. ನೊರೆ ಸಮೇತ ನನ್ನನ್ನು ತಬ್ಬಿಕೊಂಡಳು. "ಲೇ ಪಾರಿ! ಬೇರು ಅದೇ, ಪಟಿಕ ಅದೇ, ಕೈ ಅದೇ. ನೀರೊಂದೇ ಬ್ಯಾರೆ! ನಂಗ ಹೊಳೀಲೇ ಇಲ್ಲ ನೋಡು!"

ಮರುದಿನವೇ ಅಕ್ಕನ ಗಂಡ, ನಮ್ಮ ಮಾಮ, ನನ್ನನ್ನು ಮಸ್ಕಿಗೆ ಬಿಟ್ಟುಹೋದ. ಸುದ್ದಿ ಕೇಳಿ ಅವ್ವ ಹಣೆ ಬಡಿದುಕೊಂಡಳು. "ನೀರಿನ ಊರಿಗೆ ನೀರು ಒಯ್ತೀರಾ? ಮಂದಿ ನಗ್ತಾರ!"

"ನಗಲಿ ಬಿಡಬೇ" ಅಂದ ಮುತ್ಯಾ. "ನಮ್ಮ ಬಾವಿ ನೀರು ಬೇಕಂತ ಇಷ್ಟು ವರ್ಷಕ್ಕ ಒಬ್ಬಾಕಿ ಕೇಳ್ಯಾಳ."

ಎಣ್ಣೆಯ ಎರಡು ಖಾಲಿ ಕ್ಯಾನು ತೊಳೆದು, ತುಂಬಿ, ಬಾಯಿಗೆ ಬಟ್ಟೆ ಬಿಗಿದು ಸಿಂಧನೂರು ಬಸ್ ಹತ್ತಿದೆವು. ಅಲ್ಲಿ ಇಳಿದು ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದು ತುರ್ವಿಹಾಳದ ಬಸ್. ಮಿರ್ಚಿ ತಿನ್ನುವಾಗಲೂ ನಾನು ಒಂದು ಕ್ಯಾನಿನ ಮೇಲೆಯೇ ಕೂತಿದ್ದೆ, ಯಾರಾದರೂ ಎತ್ತಿಕೊಂಡು ಹೋದರೆ! ಬಸ್ಸಿನಲ್ಲಿ ಕಂಡಕ್ಟರ್ ಕ್ಯಾನಿಗೆ ಕಾಲು ತಾಗಿಸಿ ಕೇಳಿದ.

"ಏನ್ರೀ ಯಜಮಾನ್ರ ಇದರಾಗ? ಎಣ್ಣಿ?"

"ಅಲ್ರೀ. ನೀರು."

"ನೀರಾ? ಎಲ್ಲಿಗೆ?"

"ತುರ್ವಿಹಾಳಕ್ಕ."

ಕಂಡಕ್ಟರ್ ಸೀಟಿ ಊದುವುದನ್ನೇ ಮರೆತ. ಆಮೇಲೆ ಇಡೀ ಬಸ್ಸು ನಗಲಿಕ್ಕೆ ಹತ್ತಿತು. "ಕಾಲುವಿ ಒಣಗೇತೇನೋ!" ಎಂದು ಹಿಂದಿನಿಂದ ಒಬ್ಬ. ಪಕ್ಕದ ಮುದುಕಿಯೊಬ್ಬಳು, ಇಷ್ಟು ದೂರ ಒಯ್ಯುವ ನೀರೆಂದರೆ ತೀರ್ಥವೇ ಇರಬೇಕೆಂದು ಅಂಗೈ ಚಾಚಿದಳು. ಮುತ್ಯಾ ಭಕ್ತಿಯಿಂದ ಒಂದು ಗುಟುಕು ಹನಿಸಿದ. ಬಾಯಿಗೆ ಹಾಕಿಕೊಂಡವಳೇ "ಥೂ! ಸವಳ ಬೋಸುಡಿ ನೀರು!" ಎಂದು ಕಿಟಕಿಯಿಂದ ಉಗಿದಳು. ಮುತ್ಯಾ ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡ. ನನಗೆ ಮಾತ್ರ ಒಳಗೊಳಗೇ ಪುಕುಪುಕು. ಇಷ್ಟೆಲ್ಲ ನಗಿಸಿಕೊಂಡು ಹೋಗಿ ಕೆಂಪು ಬರದೇ ಹೋದರೆ?

ತುರ್ವಿಹಾಳದಲ್ಲಿ ಓಣಿಯ ಹೆಂಗಸರೆಲ್ಲ ಹಿತ್ತಲಲ್ಲಿ ನೆರೆದಿದ್ದರು. ಅಕ್ಕ ನಮ್ಮ ನೀರನ್ನು ಗಡಿಗೆಗೆ ಸುರಿದಳು, ಬೇರು ಹಾಕಿದಳು. ಮಳೆ ಬಿದ್ದ ಹೊಲದಂಥ ವಾಸನೆ ಎದ್ದಿತು. ಅಳಲೆಕಾಯಿ ನೀರಿನಲ್ಲೂ ಪಟಿಕದ ನೀರಿನಲ್ಲೂ ಮೊದಲೇ ನೆನೆಸಿಟ್ಟಿದ್ದ ಲಡಿಗಳನ್ನು ಮುಳುಗಿಸಿದಳು. ಉರಿ ಜೋರಾಗಬಾರದು, ಕುದಿ ಬಂದರೆ ಬಣ್ಣ ಕೆಡುತ್ತದೆ. ನಾನು ಕಟ್ಟಿಗೆ ಹಿಂದೆ ಎಳೆಯುವುದು, ಮುಂದೆ ನೂಕುವುದು, ಮತ್ತೆ ಎಳೆಯುವುದು. ಮೊದಲು ಹಳದಿ. ಆಮೇಲೆ ಕಿತ್ತಳೆ. "ಬಿಡವಾ, ಮತ್ತ ಇಟ್ಟಂಗೀನ" ಎಂದು ಯಾರೋ ಎದ್ದರು. ಅಕ್ಕ ಕೋಲಾಡಿಸುತ್ತಲೇ ಇದ್ದಳು. ನೀಲಮ್ಮತ್ತಿ ಎಲೆ ಅಗಿಯುವುದನ್ನೂ ನಿಲ್ಲಿಸಿ ಗಡಿಗೆ ನೋಡುತ್ತಿದ್ದಳು.

ಹೊತ್ತು ಇಳಿಯುವಾಗ ಅಕ್ಕ ಕೋಲಿನಿಂದ ಒಂದು ಲಡಿ ಎತ್ತಿದಳು. ಕೆಂಪು! ನಮ್ಮ ಮಸ್ಕಿಯ ಕೆಂಪು! ನಾನು ಕಿರುಚಿದ ರಭಸಕ್ಕೆ ಕಟ್ಟಿಹಾಕಿದ್ದ ಎಮ್ಮೆ ಹಗ್ಗ ಹರಿದುಕೊಂಡಿತು. ಎಮ್ಮೆಯ ಹಿಂದೆ ಮಾಮ, ಮಾಮನ ಹಿಂದೆ ಓಣಿಯ ಹುಡುಗರು. ನೀಲಮ್ಮತ್ತಿ ಬಿಸಿ ಲಡಿಯನ್ನೇ ಅಂಗೈಯಲ್ಲಿ ಹಿಡಿದು ಸುಟ್ಟುಕೊಂಡಳು, ಬಿಡಲಿಲ್ಲ.

"ಯಾರು ಮಸ್ಕಿಗೆ ಹೋದ್ರೂ ಬರೋ ಮುಂದ ಕ್ಯಾನು ತುಂಬ್ಕೊಂಡ ಬರಬೇಕು" ಎಂದು ಅಲ್ಲೇ ಹುಕುಂ ಹೊರಡಿಸಿದಳು. ಗಡಿಗೆ ಅಟ್ಟಕ್ಕೆ ಏರಲಿಲ್ಲ.

ಅಲ್ಲಿಂದ ಮುಂದೆ ವರ್ಷಗಟ್ಟಲೆ ನೀರು ಹೊತ್ತೆವು. ಮುತ್ಯಾ ಹೋಗುವನು, ಅಪ್ಪ ಹೋಗುವನು, ಸೂಟಿ ಬಂದರೆ ನಾನು. ಹೋದವರು ಅಕ್ಕನ ಕೈಯ ರೊಟ್ಟಿ ತಿಂದು, ಒಂದು ದಿನ ಇದ್ದು ಬರುತ್ತಿದ್ದರು. ಕಂಡಕ್ಟರುಗಳು ಗುರುತು ಹಿಡಿದು "ತೀರ್ಥ ಬಂತ್ರೆಪಾ" ಎಂದು ಕ್ಯಾನಿಗೆ ತಾವೇ ಜಾಗ ಮಾಡಿಕೊಡುತ್ತಿದ್ದರು.

ಈಗ ನಾನೂ ಲಿಂಗಸೂಗೂರಿನಲ್ಲಿ ನೂಲಿಗೆ ಬಣ್ಣ ಹಾಕಿಯೇ ಬದುಕುತ್ತೇನೆ. ಎಲ್ಲೆಲ್ಲಿಂದಲೋ ಫೋನಿನಲ್ಲಿ ಆರ್ಡರ್ ಬರುತ್ತವೆ. ಮುತ್ಯಾ ಇಲ್ಲ, ನೀಲಮ್ಮತ್ತಿಯೂ ಇಲ್ಲ. ಮಸ್ಕಿಯ ಬಾವಿಗೆ ಚಪ್ಪಡಿ ಮುಚ್ಚಿದ್ದಾರೆ. ನಲ್ಲಿ ನೀರಿನಲ್ಲಿ ಕೆಂಪು ಬಾರದೆ ಒದ್ದಾಡಿ ಒದ್ದಾಡಿ, ಈಚೆಗೆ ಒಂದು ದಿನ ನಮ್ಮ ಬಾವಿ ನೀರಿನ ಗಡಸು ಬರಲೆಂದು ಚಿಟಿಕೆ ಸುಣ್ಣ ಹಾಕಿ ನೋಡಿದೆ. ಬಂದೇಬಿಟ್ಟಿತು! ಕುಣಿದಾಡಿಕೊಂಡು ಅಕ್ಕನಿಗೆ ಫೋನು ಮಾಡಿದೆ.

ಅಕ್ಕ ತಣ್ಣಗೆ ನಕ್ಕಳು. "ನಂಗ ಯಾವಾಗೋ ಗೊತ್ತೈತಿ. ಎರಡನೇ ವರ್ಷಾನ ನಮ್ಮತ್ತಿ ಎಲಿಗೆ ಹಚ್ಚೋ ಸುಣ್ಣದ ಬೆರಳು ಗಡಿಗ್ಯಾಗ ಅದ್ದಿದ್ಲು. ಕಾಲುವಿ ನೀರಾಗನ ಕೆಂಪು ಬಂತು."

"ಮತ್ತ್ಯಾಕ ಹೇಳ್ಲಿಲ್ಲ? ಇಷ್ಟು ವರ್ಷ ನೀರು ಹೊರಿಸಿದೆಲ್ಲ ನಮ್ಮ ಕಡಿಂದ!"

"ಅತ್ತೀನ ಅಂದ್ಲು, ಬಾಯಿ ಬಿಡಬ್ಯಾಡ ಮಾದೇವಿ, ನೀರಿನ ನೆವಕ್ಕರ ನಿನ್ನ ತವರಿನವ್ರು ಬರ್ಲಿ ಅಂತ."

ಮರುದಿನ ಮುಂಜಾನೆಯೇ ನಲ್ಲಿಯ ನೀರನ್ನೇ ಒಂದು ಕ್ಯಾನಿಗೆ ತುಂಬಿ, ಬಾಯಿಗೆ ಬಟ್ಟೆ ಬಿಗಿದು, ಸಿಂಧನೂರಿನಲ್ಲಿ ಬಸ್ ಬದಲಿಸಿ ತುರ್ವಿಹಾಳಕ್ಕೆ ಹೊರಟೆ. ಕಂಡಕ್ಟರ್ ಕೇಳಿದರೆ "ತೀರ್ಥ" ಎನ್ನುವ ಉತ್ತರವನ್ನು ನಾಲಿಗೆಯ ತುದಿಯಲ್ಲೇ ಇಟ್ಟುಕೊಂಡಿದ್ದೆ. ಕಂಡಕ್ಟರ್ ಬಂದ, ಮಷೀನಿನಿಂದ ಟಿಕೀಟು ಹರಿದುಕೊಟ್ಟ, ಕ್ಯಾನು ದಾಟಿಕೊಂಡು ಮುಂದೆ ಹೋದ. ಅದರಲ್ಲೇನಿದೆ ಎಂದು ಕೇಳಲೇ ಇಲ್ಲ.