ಸ್ಕ್ಯಾನ್ ಕೋಣೆಯಲ್ಲಿ ಆಡಿದ ಮಾತು

ಪಾಲಾರಿವಟ್ಟಂನ ಕಣ್ಣಿನ ಆಸ್ಪತ್ರೆಯೊಂದರಲ್ಲಿ ರೆಟಿನಾದ ಚಿತ್ರ ತೆಗೆಯುವ ಕೆಲಸ ಜಾಯ್ಸಳದು. ಮಂಗಳೂರಿನವಳು, ಕೊಚ್ಚಿಗೆ ಬಂದು ಒಂಬತ್ತು ವರ್ಷ. ಆ ಕೋಣೆಯ ನಿಯಮ ಒಂದೇ: ಚಿತ್ರ ತೆಗೆಯುವವರು ಚಿತ್ರದ ಬಗ್ಗೆ ತುಟಿ ಬಿಚ್ಚಬಾರದು. ಹೇಳುವುದೇನಿದ್ದರೂ ಡಾಕ್ಟರ್ ಅಶ್ರಫ್ ಹೇಳಬೇಕು. ಮಲಯಾಳದಲ್ಲಿ ಈ ನಿಯಮವನ್ನು ಆಕೆ ಒಂದು ದಿನವೂ ಮುರಿದವಳಲ್ಲ. ಕನ್ನಡ ಕಿವಿಗೆ ಬಿದ್ದರೆ ಮಾತ್ರ, ಮನೆಮಾತು ಕೊಂಕಣಿಯಾದ ಈ ಹೆಂಗಸು ಕರಗಿ ನೀರಾಗುತ್ತಿದ್ದಳು.

ಸುಬ್ಬಲಕ್ಷ್ಮಿ ಬಂದಾಗಲೂ ಹಾಗೇ ಆಯಿತು. ಮೈಸೂರಿನ ಕಡೆಯವರು, ತಿರುವನಂತಪುರದಲ್ಲಿ ಬಾಹ್ಯಾಕಾಶ ಕೇಂದ್ರದ ನೌಕರನಾದ ಮಗನ ಮನೆಯಲ್ಲಿ ವಾಸ. ಕೊಚ್ಚಿಯ ಪಕ್ಕದ ಆಲುವದಲ್ಲಿರುವ ಮಗಳನ್ನು ನೋಡಲು ಬಂದಿದ್ದಾಗ ಎಡಗಣ್ಣಿನಲ್ಲಿ ಮಿಂಚು ಹೊಡೆದು ಕಪ್ಪು ಚುಕ್ಕೆಗಳು ತೇಲತೊಡಗಿದ್ದವು. ಯಂತ್ರಕ್ಕೆ ಗಲ್ಲ ಆನಿಸಿ ಕೂತವರು, "ಏನಿದೆಯಮ್ಮಾ ಒಳಗೆ?" ಎಂದು ಕೇಳಿದರು.

"ಎಂತದೂ ಇಲ್ಲ ಅಮ್ಮ, ಎಲ್ಲ ಸರಿ ಉಂಟು," ಎಂದಳು ಜಾಯ್ಸ್.

ಪರದೆಯ ಮೇಲೆ ಕಂಡದ್ದು ರೆಟಿನಾದ ನಡುಭಾಗ. ಅದು ಸರಿಯಾಗಿಯೇ ಇತ್ತು. ಅಂಚಿನಲ್ಲಿ ಹರಿದಿದೆಯೇ ಎಂದು ತಿಳಿಯಲು ಹನಿ ಹಾಕಿ, ಪಾಪೆ ಹಿಗ್ಗಿಸಿ, ಡಾಕ್ಟರೇ ನೋಡಬೇಕು. ಇದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಸುಬ್ಬಲಕ್ಷ್ಮಿ ಅವಳ ಕೆನ್ನೆ ಸವರಿ ಹೊರಗೆ ಹೋದರು. ಅಲ್ಲಿ ನಲವತ್ತು ಜನರ ಸರದಿ. ಎಲ್ಲ ಸರಿ ಇದ್ದ ಮೇಲೆ ಕಾಯುವುದೇಕೆಂದು ವೈಟ್ಟಿಲದ ಬಸ್ ನಿಲ್ದಾಣಕ್ಕೆ ಹೋಗಿ ತಿರುವನಂತಪುರದ ಬಸ್ಸು ಹತ್ತಿಬಿಟ್ಟರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಹತ್ತೊಂಬತ್ತು ದಿನಗಳ ಮೇಲೆ ಮರಳಿ ಬಂದರು. ಅಂಚಿನ ಹರುಕಿನೊಳಗೆ ನೀರು ನುಗ್ಗಿ ರೆಟಿನಾ ಕಳಚಿಕೊಂಡಿತ್ತು. ಎಡಗಣ್ಣು ಅರ್ಧಕ್ಕರ್ಧ ಕತ್ತಲೆ. ತಿರುವನಂತಪುರದಲ್ಲಿ ಆಸ್ಪತ್ರೆಗಳಿಗೇನೂ ಬರವಿಲ್ಲ. ಕನ್ನಡ ಮಾತಾಡುವ ಹುಡುಗಿ ಇದ್ದಾಳೆಂದು ಹಟ ಹಿಡಿದು ಇಲ್ಲಿಗೇ ಬಂದಿದ್ದರು. ಅದನ್ನು ಕೇಳಿ ಜಾಯ್ಸಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಮಾತು ದಾಟಿಸಲು ಡಾಕ್ಟರ್ ಅವಳನ್ನೇ ಕರೆದರು. "ಅವತ್ತು ನನಗೆ ತೋರಿಸದೆ ಯಾಕೆ ಹೋದರು, ಕೇಳು."

ಸುಬ್ಬಲಕ್ಷ್ಮಿ ಒಮ್ಮೆ ಜಾಯ್ಸಳತ್ತ ನೋಡಿದರು. "ಬಸ್ಸಿಗೆ ಹೊತ್ತಾಗ್ತಿತ್ತು, ನಾನೇ ಹೊರಟುಹೋದೆ ಅಂತ ಹೇಳಮ್ಮ. ನಿನ್ನ ವಿಷಯ ಎತ್ತಬೇಡ."

ಕೊನೆಯ ಮಾತೊಂದನ್ನು ಬಿಟ್ಟು ಉಳಿದದ್ದನ್ನು ಜಾಯ್ಸ್ ಹಾಗೇ ಒಪ್ಪಿಸಿದಳು. ಕೆಲಸ ಉಳಿಯಿತೆಂದು ಎದೆ ಹಗುರಾಯಿತು. ಹಗುರಾದದ್ದಕ್ಕೇ ನಾಚಿಕೆಯಿಂದ ಮೈ ಹಿಡಿಯಾಯಿತು.

ಡಾಕ್ಟರಿಗೆ ಸಿಟ್ಟು ಬಂತು. "ಅವತ್ತೇ ಲೇಸರ್ ಹಾಕಿಸಿಕೊಂಡಿದ್ದರೆ ಹತ್ತು ನಿಮಿಷದ ಕೆಲಸ. ತಪ್ಪು ಅವರದೇ ಅಂತ ಹೇಳು."

ಈ ಬೈಗುಳವನ್ನು ಕನ್ನಡಕ್ಕೆ ತರಬೇಕಾದವಳೂ ಅವಳೇ. ಅದನ್ನು ತಾರದೆ ಡಾಕ್ಟರ ಕಡೆಗೇ ತಿರುಗಿ, "ಎಲ್ಲ ಸರಿ ಇದೆಯೆಂದು ಅವರಿಗೆ ಹೇಳಿದವಳು ನಾನು ಸಾರ್," ಎಂದು ಮಲಯಾಳದಲ್ಲಿ ಹೇಳಿದಳು.

ಡಾಕ್ಟರ್ ಕಡತವನ್ನು ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ, ನಾಳೆ ಬೆಳಿಗ್ಗೆ ಶಸ್ತ್ರಚಿಕಿತ್ಸೆ ಎಂದಷ್ಟೇ ಹೇಳಿ ಬರೆಯತೊಡಗಿದರು. ಅವಳ ಮುಖ ನೋಡಲಿಲ್ಲ.

ಸುಬ್ಬಲಕ್ಷ್ಮಿ ಅವಳ ಕೈ ಹಿಡಿದುಕೊಂಡರು. "ಆಪರೇಷನ್ ಆದ್ರೆ ಮೊದಲಿನ ಹಾಗೆ ಕಾಣುತ್ತಾ? ನೀನೇ ಹೇಳಮ್ಮ. ನೀನು ಹೇಳಿದ್ರೆ ನಂಗೆ ಧೈರ್ಯ."

ಇಷ್ಟಾದ ಮೇಲೂ ಉಳಿದಿದ್ದ ಆ ನಂಬಿಕೆಯ ಮುಂದೆ ಜಾಯ್ಸ್ ತಲೆ ತಗ್ಗಿಸಿದಳು.

"ನಂಗೆ ಗೊತ್ತಿಲ್ಲ ಅಮ್ಮ," ಎಂದಳು. "ಡಾಕ್ಟ್ರನ್ನು ಕೇಳ್ತೇನೆ. ಅವರು ಹೇಳಿದ್ದನ್ನೇ ಹೇಳ್ತೇನೆ."